ದುರ್ಗದ ವಕೀಲರು ಹಿಡಿದ ಗಡಿ ಕೇಸು: ವರದಿ ಬಂತು, ಅಮಲ್ಜಾರಿ ಆಗಲಿಲ್ಲ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಚಂದ್ರಗಿರಿ ಅಂದರೆ ಬರೀ ಒಂದು ಹೊಳೆಯಲ್ಲ. ‘ಹೊಳೆಯ ಈಚೆ’, ‘ಹೊಳೆಯ ಆಚೆ’ ಎಂದು ಹಿರಿಯರು ಹೇಳುವಾಗ ಅದರ ಹಿಂದೆ ಒಂದು ವರದಿಯ ನೆನಪಿರುತ್ತದೆ. ಅತ್ತ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲೂ ಅದೇ ವರದಿಯ ಹೆಸರು ಕೇಳಿಬರುತ್ತದೆ. ವರದಿಯನ್ನು ಓದಿದವರು ಕಡಿಮೆ. ಹೆಸರು ಮಾತ್ರ ಎಲ್ಲರಿಗೂ ಗೊತ್ತು: ಮಹಾಜನ ವರದಿ.

ಆ ವರದಿ ಬಂದಾಗ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಚಿತ್ರದುರ್ಗದಂಥ ಸಣ್ಣ ಊರಿನಲ್ಲಿ ಕರಿಕೋಟು ತೊಟ್ಟು ವಕೀಲಿ ಮಾಡುತ್ತಿದ್ದವರು ಸಂವಿಧಾನ ರಚನಾ ಸಭೆಗೆ ಹೋದರು, ಲೋಕಸಭೆಗೆ ಹೋದರು, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು, ಕೊನೆಗೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಇಷ್ಟು ಎತ್ತರಕ್ಕೆ ಏರಿದವರ ಕೈಯಲ್ಲೂ ನಮ್ಮ ಗಡಿಯ ಕಡತ ಯಾಕೆ ಮುಂದಕ್ಕೆ ಹೋಗಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಅವರ ಬದುಕಿನ ಜತೆ ನಮ್ಮ ಗಡಿನಾಡಿನ ಕಥೆಯೂ ಬಿಚ್ಚಿಕೊಳ್ಳುತ್ತದೆ.

ಹುಟ್ಟಿದ್ದು ಒಂದು ಕಡೆ, ಕಳಿಸಿದ್ದು ಇನ್ನೊಂದು ಕಡೆ

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹಲುವಾಗಲು ಗ್ರಾಮದಲ್ಲಿ. ಹರಪನಹಳ್ಳಿ ಸೀಮೆಯ ಈ ಊರು ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಾಲೇಜು ಓದಿದ್ದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಿಂದ 1924ರಲ್ಲಿ ಬಿ.ಎ. ಪದವಿ. ಕಾನೂನು ಕಲಿತದ್ದು ಮುಂಬೈ ಪ್ರಾಂತ್ಯದ ಪುಣೆಯಲ್ಲಿ, 1926ರಲ್ಲಿ ಪಾಸಾದರು. ವಕೀಲಿ ಹಿಡಿದದ್ದು ಮತ್ತೆ ಮೈಸೂರು ಸಂಸ್ಥಾನಕ್ಕೆ ಸೇರಿದ ಚಿತ್ರದುರ್ಗದಲ್ಲಿ.

ಇಪ್ಪತ್ತೈದರ ಆಸುಪಾಸಿಗೇ ಆ ಯುವಕ ಮೂರು ಆಡಳಿತಗಳ ನೀರು ಕುಡಿದಿದ್ದ. ಗಡಿಭಾಗದ ನಮ್ಮ ಮಕ್ಕಳಿಗೆ ಇದೇನೂ ಹೊಸದಲ್ಲ. ಮನೆ ಒಂದು ರಾಜ್ಯದಲ್ಲಿ, ಕಾಲೇಜು ಇನ್ನೊಂದರಲ್ಲಿ, ನೌಕರಿ ಮೂರನೆಯದರಲ್ಲಿ. ಮನೆಮಾತು ಮಾತ್ರ ಕನ್ನಡ. ಆಗ ಕನ್ನಡ ಮಾತಾಡುವವರ ಪಾಡೆಲ್ಲ ಹೀಗೇ ಇತ್ತು. ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ನಾಡಿನಲ್ಲಿ ಮೈಸೂರು ಬಿಟ್ಟರೆ ಬಹುಪಾಲು ಕಡೆ ಕನ್ನಡಿಗರು ಯಾವುದೋ ದೊಡ್ಡ ಭಾಷೆಯ ಅಂಚಿನಲ್ಲಿ ಕುಳಿತವರೇ.

ಕೋರ್ಟಿನಿಂದ ಜೈಲಿಗೆ

ವಕೀಲರಾದ ತಕ್ಷಣ ಅವರು ರಾಜಕಾರಣಕ್ಕೆ ಧುಮುಕಲಿಲ್ಲ. ಕಾಂಗ್ರೆಸ್ ಅಧಿವೇಶನಗಳಿಗೆ ಮೊದಮೊದಲು ನೋಡುಗರಾಗಿ ಹೋಗುತ್ತಿದ್ದರು. ಸಂಘಟನೆಯಲ್ಲಿ ಸಕ್ರಿಯರಾದದ್ದು 1936ರ ಹೊತ್ತಿಗೆ. ಮೂರು ವರ್ಷ ಕಳೆಯುವುದರೊಳಗೆ, 1939ರಲ್ಲಿ, ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹಕ್ಕೆ ಮುಂದಾಳಾದರು. ಹೆಂಡದ ಮೂಲವೇ ಈಚಲು ಮರ. ಅದನ್ನು ಕಡಿದರೆ ಸರ್ಕಾರದ ಕಾನೂನು ಮುರಿದಂತೆ. ಕಾನೂನು ಓದಿದವರೇ ಕೊಡಲಿ ಹಿಡಿದವರ ಮುಂದೆ ನಿಂತರು, ಬಂಧನವನ್ನೂ ಅನುಭವಿಸಿದರು.

ಆಗಿನ ಕಾಲದಲ್ಲಿ ಜಿಲ್ಲಾ ಕೇಂದ್ರದ ವಕೀಲ ಅಂದರೆ ಬರೀ ಕೇಸು ನಡೆಸುವವನಲ್ಲ. ಹಳ್ಳಿಯಿಂದ ಪೇಟೆಗೆ ಬಂದವರಿಗೆ ಅರ್ಜಿ ಬರೆದುಕೊಡುವವನು, ಅಮಲ್ದಾರರ ಎದುರು ಧೈರ್ಯದಿಂದ ಮಾತಾಡುವವನು, ದಾಯಾದಿಗಳ ಜಗಳವನ್ನು ಕೋರ್ಟಿನ ಹೊರಗೇ ಮುಗಿಸುವವನು ಅವನೇ. ಸ್ವಾತಂತ್ರ್ಯ ಹೋರಾಟಕ್ಕೆ ಊರೂರಿನಲ್ಲೂ ವಕೀಲರೇ ಮುಂದೆ ಬಂದದ್ದು ಇದಕ್ಕಾಗಿ. ಜನ ಅವರನ್ನು ನಂಬುತ್ತಿದ್ದರು. ಅವರು ಕಾಗದವನ್ನು ನಂಬುತ್ತಿದ್ದರು. ನಿಜಲಿಂಗಪ್ಪನವರಿಗಿದ್ದ ಈ ಕಾಗದದ ಮೇಲಿನ ನಂಬಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಮ್ಮ ಗಡಿಯ ವಿಚಾರಕ್ಕೆ ಅದು ಬರುತ್ತದೆ.

ದಿಲ್ಲಿಯ ಮೊದಲ ಕುರ್ಚಿ

ಕಾಂಗ್ರೆಸ್ಸು 1920ರ ನಾಗಪುರ ಅಧಿವೇಶನದಲ್ಲೇ ಭಾಷೆಯ ಆಧಾರದಲ್ಲಿ ತನ್ನ ಪ್ರಾಂತ ಸಮಿತಿಗಳನ್ನು ಕಟ್ಟಲು ತೀರ್ಮಾನಿಸಿತ್ತು. ಹಾಗಾಗಿ ಸರ್ಕಾರದ ಭೂಪಟದಲ್ಲಿ ಕರ್ನಾಟಕ ಎಂಬುದು ಇಲ್ಲದಿದ್ದರೂ ಕಾಂಗ್ರೆಸ್ಸಿನ ಭೂಪಟದಲ್ಲಿ ಅದಿತ್ತು. ಈ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಗೆ ನಿಜಲಿಂಗಪ್ಪ ಅಧ್ಯಕ್ಷರಾದರು. ದುರ್ಗದ ವಕೀಲರಿಗೆ ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಮಂಗಳೂರು ಎಲ್ಲವೂ ಒಂದೇ ಮನೆಯ ಕೋಣೆಗಳಾದದ್ದು ಈ ದಾರಿಯಲ್ಲಿ.

ಸಂವಿಧಾನ ರಚನಾ ಸಭೆಯ ಸದಸ್ಯರ ಪಟ್ಟಿ ತೆರೆದು ನೋಡಿ. ನಿಜಲಿಂಗಪ್ಪನವರ ಹೆಸರು ಮೈಸೂರಿನ ಕೆಳಗೆ ಸಿಗುವುದಿಲ್ಲ, ಮುಂಬೈ ಪ್ರಾಂತ್ಯದ ಕೆಳಗಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ವಕೀಲಿ ಮಾಡಿದವರನ್ನು ದಿಲ್ಲಿಗೆ ಕಳಿಸಿದ್ದು ಮುಂಬೈ! ಮುಂದೆ 1952ರ ಮೊದಲ ಮಹಾಚುನಾವಣೆಯಲ್ಲಿ ಸ್ವಂತ ಊರು ಚಿತ್ರದುರ್ಗದಿಂದಲೇ ಲೋಕಸಭೆಗೆ ಆಯ್ಕೆಯಾದರು.

ಆ ಸಂವಿಧಾನದಲ್ಲಿ ಮೂರನೇ ವಿಧಿ ಎಂಬುದೊಂದಿದೆ. ಗಡಿನಾಡಿನ ನಮಗೆ ಇದಕ್ಕಿಂತ ಮುಖ್ಯವಾದ ವಿಧಿ ಇನ್ನೊಂದಿಲ್ಲ. ಹೊಸ ರಾಜ್ಯ ಮಾಡುವುದು, ಇದ್ದ ರಾಜ್ಯದ ಗಡಿ ಬದಲಿಸುವುದು, ಹೆಸರು ಬದಲಿಸುವುದು ಎಲ್ಲವೂ ಸಂಸತ್ತಿನ ಅಧಿಕಾರ. ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು; ಆದರೆ ಅದರ ಒಪ್ಪಿಗೆ ಬೇಕೇ ಬೇಕು ಅಂತ ಇಲ್ಲ. ಅಂದರೆ ಆಯೋಗ ಎಷ್ಟೇ ದೊಡ್ಡದಿರಲಿ, ನ್ಯಾಯಮೂರ್ತಿ ಎಷ್ಟೇ ಹಿರಿಯರಿರಲಿ, ಅವರು ಕೊಡುವುದು ಸಲಹೆ. ಗೆರೆ ಎಳೆಯುವುದು ಸಂಸತ್ತು.

ನವೆಂಬರ್ 1: ಒಂದು ಕಣ್ಣಲ್ಲಿ ನಗು, ಇನ್ನೊಂದರಲ್ಲಿ ನೀರು

ಆಂಧ್ರ ರಾಜ್ಯ 1953ರ ಅಕ್ಟೋಬರ್ 1ರಂದು ಹುಟ್ಟಿತು. ಅಂದೇ ಬಳ್ಳಾರಿ ಜಿಲ್ಲೆ ಒಡೆಯಿತು. ಏಳು ತಾಲ್ಲೂಕು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಮೂರೂ ಆಂಧ್ರಕ್ಕೆ ಹೋದವು. ನಿಜಲಿಂಗಪ್ಪ ಹುಟ್ಟಿದ ಜಿಲ್ಲೆಯೇ ಎರಡು ಹೋಳಾಯಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಭೆ ನಡೆದಾಗ ಏಕೀಕರಣ ಬೇಡಿ ಬಂದ ಜನ ರೊಚ್ಚಿಗೆದ್ದಿದ್ದರು. ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂತಿದ್ದರು. ಕಾಂಗ್ರೆಸ್ಸಿನವರೇ ಮೀನಮೇಷ ಎಣಿಸುತ್ತಿದ್ದಾರೆ ಎಂಬ ಸಿಟ್ಟು ಜನರಲ್ಲಿತ್ತು. ಅಧ್ಯಕ್ಷರಾದ ನಿಜಲಿಂಗಪ್ಪ ಆ ಸಿಟ್ಟನ್ನು ಎದುರೆದುರೇ ಕಂಡರು. ವರ್ಷ ಮುಗಿಯುವುದರೊಳಗೆ ಕೇಂದ್ರ ಸರ್ಕಾರ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚಿಸಿತು. ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಅದರ ಸದಸ್ಯರು.

ಆಯೋಗದ ವರದಿ 1955ರಲ್ಲಿ ಬಂತು. ಕನ್ನಡಿಗರ ರಾಜ್ಯಕ್ಕೆ ಅದು ಹೂಂ ಅಂದಿತು. ಆದರೆ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಕೊಡಿ ಅಂದಿತು. ತುಂಗಭದ್ರಾ ಯೋಜನೆಯ ಕಾರಣ ಹೇಳಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಭಾಗವನ್ನು ಆಂಧ್ರಕ್ಕೆ ಕೊಡಿ ಅಂತಲೂ ಅಂದಿತು. ಬಳ್ಳಾರಿಯ ವಿಚಾರದಲ್ಲಿ ಆಯೋಗದ ಮಾತನ್ನು ದಿಲ್ಲಿ ಕೇಳಲಿಲ್ಲ. ಬಳ್ಳಾರಿ ನಮ್ಮಲ್ಲೇ ಉಳಿಯಿತು. ಕಾಸರಗೋಡಿನ ವಿಚಾರದಲ್ಲಿ ಕೇಳಿತು, ಕಾಸರಗೋಡು ಹೋಯಿತು. ಒಂದೇ ವರದಿ, ಎರಡು ಗತಿ. ವರದಿ ಎಂಬುದು ತೀರ್ಪಲ್ಲ ಎಂಬ ಪಾಠ ಅಂದೇ ಕಣ್ಣೆದುರಿಗಿತ್ತು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ನಿಜಲಿಂಗಪ್ಪ ಅದರ ಮೊದಲ ಮುಖ್ಯಮಂತ್ರಿ. ಬೆಂಗಳೂರಿನಲ್ಲಿ ಹಬ್ಬ. ಅದೇ ದಿನ ಕಾಸರಗೋಡಿನ ಕನ್ನಡಿಗರು ಕೇರಳದವರಾದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರು ಮುಂಬೈ ರಾಜ್ಯದಲ್ಲೇ ಉಳಿದರು. ತಾಳವಾಡಿ, ಹೊಸೂರಿನವರು ಮದ್ರಾಸಿನಲ್ಲಿ, ಮಡಕಶಿರಾದವರು ಆಂಧ್ರದಲ್ಲಿ ಉಳಿದರು. ಕೆಲವೇ ತಿಂಗಳ ನಂತರ, 1957ರಲ್ಲಿ, ಮಂಜೇಶ್ವರದ ಜನ ಎಂ. ಉಮೇಶರಾಯರನ್ನು ಪಕ್ಷೇತರರಾಗಿ ಅವಿರೋಧವಾಗಿ ಕೇರಳ ವಿಧಾನಸಭೆಗೆ ಕಳಿಸಿದರು. ಎದುರಾಳಿಯೇ ಇಲ್ಲದ ಆ ಚುನಾವಣೆ ಕನ್ನಡದ ಪರವಾಗಿ ಹಾಕಿದ ಒಂದು ಸಹಿಯ ಹಾಗಿತ್ತು.

ಕೇಸು ಹಾಕಿದ್ದು ಅವರು, ವರದಿ ಒಪ್ಪಿದ್ದು ನಾವು

ನಿಜಲಿಂಗಪ್ಪನವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. 1958ರಲ್ಲಿ ಅಧಿಕಾರ ಬಿ.ಡಿ. ಜತ್ತಿಯವರ ಪಾಲಾಯಿತು. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಅವರೇ ಸೋತರು. ಎಸ್.ಆರ್. ಕಂಠಿ ಕೆಲ ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದುಬಂದ ಮೇಲೆ ಅವರಿಗೆ ಜಾಗ ಬಿಟ್ಟುಕೊಟ್ಟರು. ಆ ಎರಡನೇ ಅವಧಿಯಲ್ಲಿ ಗಡಿ ತಕರಾರು ಕಾವೇರಿತು.

ಒಂದು ಸಂಗತಿ ಸ್ಪಷ್ಟವಾಗಿರಲಿ. ಮಹಾರಾಷ್ಟ್ರದೊಂದಿಗಿನ ಗಡಿಗೆ ಆಯೋಗ ಬೇಕು ಅಂತ ಕೇಳಿದ್ದು ಮೈಸೂರಲ್ಲ. ಗಡಿ ಮುಗಿದ ವಿಚಾರ ಎಂಬುದೇ ಮೈಸೂರಿನ ಮಾತಾಗಿತ್ತು. ಕೇಳಿದ್ದು ಮಹಾರಾಷ್ಟ್ರ. ಸೇನಾಪತಿ ಬಾಪಟರು 1966ರಲ್ಲಿ ಉಪವಾಸ ಕೂತ ಮೇಲೆ ಒತ್ತಡ ಹೆಚ್ಚಿತು. ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ರಚಿಸಿತು. ಮಹಾರಾಷ್ಟ್ರ, ಮೈಸೂರು, ಕೇರಳ ಮೂರರ ಗಡಿಯೂ ಅದರ ಮುಂದಿತ್ತು. ಆಂಧ್ರದ ಆದೋನಿ, ರಾಯದುರ್ಗ, ಮಡಕಶಿರಾ, ತಮಿಳುನಾಡಿನ ತಾಳವಾಡಿ, ಹೊಸೂರು, ನೀಲಗಿರಿ ಅದರ ವ್ಯಾಪ್ತಿಗೇ ಬರಲಿಲ್ಲ. ಆ ಭಾಗದ ನಮ್ಮ ಓದುಗರು ‘ನಮ್ಮ ಹೆಸರು ವರದಿಯಲ್ಲೂ ಇಲ್ಲವಲ್ಲ’ ಎಂದು ಕೊರಗಿದರೆ ಅದರಲ್ಲಿ ತಪ್ಪಿಲ್ಲ.

ವರದಿ 1967ರ ಆಗಸ್ಟ್‌ನಲ್ಲಿ ಕೈಸೇರಿತು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿ. ಆಯೋಗ ಅದಕ್ಕೆ ಶಿಫಾರಸು ಮಾಡಿದ್ದು 264. ನಿಪ್ಪಾಣಿ, ನಂದಗಡ ಅದರಲ್ಲಿ ಸೇರಿದ್ದವು. ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಅಂದಿತು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ 247 ಹಳ್ಳಿ ಮೈಸೂರಿಗೆ ಬರಬೇಕು ಅಂದಿತು. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವೂ ಮೈಸೂರಿಗೆ ಅಂದಿತು.

ಹೀಗೆ ‘ಹೊಳೆಯ ಈಚೆ’ ಎಂಬ ಮಾತು ಮನೆಮನೆಗೆ ಬಂತು.

ಆಯೋಗ ಬೇಕೆಂದ ಮಹಾರಾಷ್ಟ್ರವೇ ವರದಿಯನ್ನು ತಳ್ಳಿಹಾಕಿತು. ಕೇರಳವೂ ಒಪ್ಪಲಿಲ್ಲ. ಬೇಡವೆಂದಿದ್ದ ಮೈಸೂರು ಒಪ್ಪಿತು. ಕೊಡಬೇಕಾದ 264 ಹಳ್ಳಿಗಳನ್ನೂ ಸೇರಿಸಿಯೇ ಒಪ್ಪಿತು. ವರದಿ ಜಾರಿ ಮಾಡಿ, ಇಲ್ಲವೇ ಇದ್ದುದು ಇದ್ದ ಹಾಗೇ ಇರಲಿ ಎಂಬ ಕರ್ನಾಟಕದ ನಿಲುವು ಅಲ್ಲಿಂದ ಇಲ್ಲಿಯವರೆಗೆ ನಡೆದುಬಂದಿದೆ. ವಕೀಲರ ಬುದ್ಧಿ ಅಂದರೆ ಇದೇ. ಪಂಚರನ್ನು ಕೂರಿಸಿದ ಮೇಲೆ ಅವರ ಮಾತಿಗೆ ಇಬ್ಬರೂ ಕಕ್ಷಿದಾರರು ತಲೆಬಾಗಬೇಕು. ಸಿಕ್ಕಿದ್ದು ಸಿಹಿ, ಕೊಡಬೇಕಾದ್ದು ಕಹಿ ಅನ್ನುವ ಹಾಗಿಲ್ಲ.

ವರದಿ ಕೊಟ್ಟ ಮಹಾಜನ್ ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅಧ್ಯಕ್ಷರಾದರೂ ಯಾಕೆ ಆಗಲಿಲ್ಲ?

1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಕೇಂದ್ರದಲ್ಲಿ ಅವರದೇ ಪಕ್ಷ. ಮಹಾರಾಷ್ಟ್ರದಲ್ಲೂ ಅವರದೇ ಪಕ್ಷ. ಮೈಸೂರಿನಲ್ಲೂ ಅವರದೇ ಪಕ್ಷ. ಇನ್ನೇನು ಬೇಕಿತ್ತು?

ಬೇಕಿದ್ದದ್ದು ಸಂಸತ್ತಿನಲ್ಲಿ ಒಂದು ಮಸೂದೆ. ಅಲ್ಲಿಗೆ ಬಂದರೆ ಲೆಕ್ಕ ಬೇರೆಯೇ ಆಗುತ್ತದೆ. 1967ರ ಲೋಕಸಭೆಯಲ್ಲಿ ಮಹಾರಾಷ್ಟ್ರಕ್ಕೆ 45 ಸ್ಥಾನ, ಮೈಸೂರಿಗೆ 27, ಕೇರಳಕ್ಕೆ 19. 520 ಸ್ಥಾನಗಳ ಸದನದಲ್ಲಿ ಕಾಂಗ್ರೆಸ್ಸಿಗೆ ಇದ್ದದ್ದು 283. ಅಷ್ಟು ತೆಳು ಬಹುಮತವಿಟ್ಟುಕೊಂಡು ಮಹಾರಾಷ್ಟ್ರದ ಸಂಸದರ ಮನಸ್ಸು ಮುರಿಯಲು ಯಾವ ಪ್ರಧಾನಿ ತಾನೇ ಮುಂದಾದಾರು? ಇತ್ತ ಕೇರಳದಲ್ಲಿ 1967ರ ಮಾರ್ಚ್‌ನಿಂದ ಇ.ಎಂ.ಎಸ್. ನಂಬೂದಿರಿಪಾಡರ ಎಡ ಸರ್ಕಾರ. 1969ರ ಫೆಬ್ರುವರಿಯಲ್ಲಿ ಗಡಿಯ ಹೆಸರಿನಲ್ಲಿ ಶಿವಸೇನೆ ಮುಂಬೈಯನ್ನು ಹೊತ್ತಿಸಿತು. ಬಾಳ ಠಾಕ್ರೆ ಜೈಲು ಸೇರಿದರು. ಆ ಬೆಂಕಿ ನೋಡಿದ ಮೇಲೆ ಕಡತ ಮುಟ್ಟುವ ಧೈರ್ಯ ದಿಲ್ಲಿಗೆ ಇನ್ನೂ ಕಡಿಮೆಯಾಗಿರಬೇಕು.

ಅಷ್ಟರಲ್ಲಿ ಪಕ್ಷವೇ ಒಡೆಯಿತು. ರಾಷ್ಟ್ರಪತಿ ಚುನಾವಣೆಯ ಜಗಳ ಬೆಳೆದು, 1969ರ ನವೆಂಬರ್ 12ರಂದು ನಿಜಲಿಂಗಪ್ಪನವರ ಕಾಂಗ್ರೆಸ್ಸು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಹೊರಹಾಕಿತು. ಜನ ಮಾತ್ರ ಇಂದಿರಾ ಜತೆ ಹೋದರು. 1971ರ ಲೋಕಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರ ಸ್ವಂತ ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಕ್ಷದ ಪಾಲಾಯಿತು. ಗಡಿಯ ಕಡತದ ಪರವಾಗಿ ದಿಲ್ಲಿಯಲ್ಲಿ ವಾದಿಸಬಲ್ಲ ವಕೀಲರ ಕೈಯಲ್ಲಿ ವಕಾಲತ್ತೇ ಇಲ್ಲದಂತಾಯಿತು.

ಅವರು ಮರಳಿ ಬಂದದ್ದು ಚಿತ್ರದುರ್ಗಕ್ಕೆ. 2000ದ ಆಗಸ್ಟ್ 8ರಂದು ಅಲ್ಲೇ ಕಣ್ಣುಮುಚ್ಚಿದರು. ವಯಸ್ಸು 97. ವರದಿ ಬಂದು ಆಗಲೇ 33 ವರ್ಷ ಕಳೆದಿತ್ತು.

ಅವರನ್ನು ದೂರುವುದು ಸುಲಭ. ಇನ್ನಷ್ಟು ಹಟ ಹಿಡಿಯಬೇಕಿತ್ತು, ಅಧಿಕಾರವಿದ್ದಾಗಲೇ ಮುಗಿಸಬೇಕಿತ್ತು ಎಂಬ ಮಾತನ್ನು ಗಡಿನಾಡಿನಲ್ಲಿ ಯಾರಾದರೂ ಆಡಿದರೆ ಅದು ನೋವಿನಿಂದ ಬಂದ ಮಾತು. ಆದರೆ ವರದಿಯೊಂದು ನಮ್ಮ ಪರವಾಗಿ ಇದೆ ಅನ್ನುವುದೂ, 264 ಹಳ್ಳಿ ಬಿಟ್ಟುಕೊಡಲು ಒಪ್ಪಿ ನಾವು ನ್ಯಾಯದ ಕಡೆ ನಿಂತಿದ್ದೆವು ಅನ್ನುವುದೂ ಅವರ ಕಾಲದ್ದೇ ಗಳಿಕೆ. ಅವರ ಲೆಕ್ಕ ತಪ್ಪಿದ್ದು ಒಂದೇ ಕಡೆ. ಕಾಗದದಲ್ಲಿ ನ್ಯಾಯ ಸಿಕ್ಕರೆ ಜಾರಿ ತಾನಾಗಿ ಬರುತ್ತದೆ ಎಂದು ನಂಬಿದ್ದರು. ಬರಲಿಲ್ಲ.

ಸ್ವಾಧೀನ ಬಿಡಬೇಡಿ

ಗಡಿಯ ವ್ಯಾಜ್ಯ ಇನ್ನೂ ಮುಗಿದಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ದಾವೆ ಹಾಕಿತು. ಜತ್ತ ತಾಲ್ಲೂಕಿನ ಹಳ್ಳಿಗಳು ನೀರಿಗಾಗಿ ಕರ್ನಾಟಕ ಸೇರುತ್ತೇವೆ ಎಂದು ಹಿಂದೆ ಮಾಡಿದ್ದ ನಿರ್ಣಯದ ಮಾತು 2022ರ ನವೆಂಬರ್‌ನಲ್ಲಿ ಮತ್ತೆ ಎರಡೂ ರಾಜ್ಯಗಳಲ್ಲಿ ಸದ್ದು ಮಾಡಿತು. ಕಾಸರಗೋಡಿನ ಹೋರಾಟದ ದನಿಯಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈ ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ವರದಿ ಜಾರಿಯಾಗುವುದನ್ನು ನೋಡುವ ಭಾಗ್ಯ ಅವರಿಗೂ ಬರಲಿಲ್ಲ.

ಹಾಗಾದರೆ ಡಿಕ್ರಿ ಅಮಲಿಗೆ ಬರುವ ತನಕ ಕಕ್ಷಿದಾರ ಏನು ಮಾಡಬೇಕು? ಜಮೀನಿನ ವ್ಯಾಜ್ಯ ಕಂಡ ಯಾವ ರೈತನಿಗೂ ಉತ್ತರ ಗೊತ್ತು: ಸ್ವಾಧೀನ ಬಿಡಬಾರದು. ಉಳುಮೆ ನಿಲ್ಲಿಸಬಾರದು. ಕೇಸು ಎಷ್ಟು ವರ್ಷ ಬೇಕಾದರೂ ನಡೆಯಲಿ, ಹೊಲ ಬೀಳು ಬಿಟ್ಟರೆ ಕೆಟ್ಟಿತು.

ನಮ್ಮ ಹೊಲ ಅಂದರೆ ಭಾಷೆ. ಅದರ ಸ್ವಾಧೀನಕ್ಕೂ ಕಾಗದಗಳಿವೆ. ರಾಜ್ಯಗಳನ್ನು ಒಡೆದು ಕಟ್ಟಿದ 1956ರಲ್ಲೇ ಸಂವಿಧಾನಕ್ಕೆ ಏಳನೇ ತಿದ್ದುಪಡಿ ತಂದು 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ತಕ್ಕ ಅನುಕೂಲ ಒದಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಒಂದು. ಇವರ ಹಕ್ಕುಗಳನ್ನು ವಿಚಾರಿಸಿ ರಾಷ್ಟ್ರಪತಿಗೆ ವರದಿ ಕೊಡಲು ವಿಶೇಷ ಅಧಿಕಾರಿ ಇರಬೇಕು ಎನ್ನುತ್ತದೆ ಇನ್ನೊಂದು. ಆ ವರದಿ ಸಂಸತ್ತಿನ ಮುಂದೆ ಬರಬೇಕು. ಇವು ಕಾಸರಗೋಡಿಗೆ ಮಾತ್ರವಲ್ಲ. ಆದೋನಿ, ಮಡಕಶಿರಾ, ತಾಳವಾಡಿ, ಹೊಸೂರು, ಅಕ್ಕಲಕೋಟೆ ಎಲ್ಲರಿಗೂ ಅನ್ವಯ. ಮಹಾಜನ ವರದಿಯಲ್ಲಿ ಹೆಸರಿಲ್ಲದವರಿಗೂ ಈ ವಿಧಿಗಳಲ್ಲಿ ಜಾಗವಿದೆ.

ಕೇರಳದಲ್ಲಿ ಇನ್ನೂ ಒಂದಿದೆ. ಅಲ್ಲಿನ 1969ರ ರಾಜಭಾಷಾ ಕಾಯ್ದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಂದಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಎಷ್ಟು ಜನ ಕನ್ನಡದಲ್ಲಿ ಅರ್ಜಿ ಬರೆಯುತ್ತೇವೆ? ಕನ್ನಡದಲ್ಲಿ ಉತ್ತರ ಬರದಿದ್ದರೆ ಎಷ್ಟು ಜನ ಮತ್ತೆ ಕೇಳುತ್ತೇವೆ? ಮಲಯಾಳಂ ಕಡ್ಡಾಯದ ವಿರುದ್ಧ 2017ರಲ್ಲಿ ಕಾಸರಗೋಡಿನಲ್ಲಿ ಜನ ಬೀದಿಗಿಳಿದರು. ಬೀದಿಗಿಳಿಯುವುದು ಬೇಕು. ಮರುದಿನ ಕಚೇರಿಗೆ ಹೋಗಿ ಕನ್ನಡದಲ್ಲಿ ಅರ್ಜಿ ಕೊಡುವುದೂ ಬೇಕು.

ಮಗುವನ್ನು ಕನ್ನಡ ಶಾಲೆಗೆ ಸೇರಿಸುವಾಗ ನೂರು ಯೋಚನೆ ಬರುವುದು ಸಹಜ. ನೌಕರಿ ಎಲ್ಲಿ, ಮುಂದೆ ಕಾಲೇಜು ಎಲ್ಲಿ ಎಂಬ ಚಿಂತೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದಂತೆ ಶಾಲೆ ಉಳಿಸಿ ಎಂದು ಕೇಳುವ ಬಾಯಿಗೂ ಬಲ ಕಡಿಮೆಯಾಗುತ್ತದೆ. ಜನಗಣತಿಯವರು ಮನೆಗೆ ಬಂದು ಮಾತೃಭಾಷೆ ಕೇಳಿದಾಗ ಹೇಳುವ ಒಂದು ಪದ ಮುಂದೆ ಎಷ್ಟೋ ಕಡತಗಳಿಗೆ ಆಧಾರವಾಗುತ್ತದೆ.

ದಿಲ್ಲಿಗೆ ಹೋಗುವ ದಾರಿಯೂ ಮುಚ್ಚಿಲ್ಲ. ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಎಂ. ರಾಮಣ್ಣ ರೈ 1980, 1989, 1991ರಲ್ಲಿ, ಐ. ರಾಮ ರೈ 1984ರಲ್ಲಿ ಗೆದ್ದಿದ್ದರು. ಪಕ್ಷ ಬೇರೆ ಬೇರೆಯಾದರೂ ತುಳು–ಕನ್ನಡದ ನೆಲದವರು ಸಂಸತ್ತಿನಲ್ಲಿ ಕೂತಿದ್ದ ಕಾಲವದು. ಗಡಿಯ ಗೆರೆ ಎಳೆಯುವ ಅಧಿಕಾರ ಸಂಸತ್ತಿಗೇ ಇರುವಾಗ, ಅಲ್ಲಿ ನಮ್ಮ ಕಷ್ಟ ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಪ್ರತಿ ಚುನಾವಣೆಯಲ್ಲೂ, ಯಾವ ಪಕ್ಷದವರು ಮನೆಬಾಗಿಲಿಗೆ ಬಂದರೂ ಕೇಳಬೇಕು.

ಒಂದು ಕಾಲದಲ್ಲಿ ದುರ್ಗದ ಕೋರ್ಟಿನ ವಕೀಲರೊಬ್ಬರು ಅಷ್ಟು ದೂರ ಹೋಗಿದ್ದರು. ಮಂಜೇಶ್ವರದ, ಅಕ್ಕಲಕೋಟೆಯ, ಆದೋನಿಯ ಕೋರ್ಟಿನ ಆವರಣದಲ್ಲಿ ಇಂದು ಫೈಲು ಹಿಡಿದು ಓಡಾಡುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಇನ್ನೊಬ್ಬರು ಯಾಕೆ ಹೋಗಬಾರದು? ಹೋಗುವಾಗ ಅವರ ಕೈಯಲ್ಲಿ ಆ ಹಳೆಯ ವರದಿಯೊಂದಿಗೆ, ಕನ್ನಡದಲ್ಲಿ ನಾವು ಬರೆದ ಅರ್ಜಿಗಳ ಕಟ್ಟೂ ಇರಲಿ.